ಸವೆಯದ ಜಿಂಕ್: ಮಲ್ಪೆಯಲ್ಲಿ ಒಂದು ಮಳೆಗಾಲದ ಬೋಟ್ ರಿಪೇರಿ

ಬೋಟು ನನ್ನ ಸೋದರಮಾವನದು. ಬಲೆ ಎಳೆದು ಮೀನು ಹಿಡಿಯುವ 70 ಅಡಿಯ ಸ್ಟೀಲ್ ಟ್ರಾಲ್ ಬೋಟು, ಆರು ಸಿಲಿಂಡರ್ ಇಂಜಿನ್. ನಾನು ಒಂಬತ್ತು ವರ್ಷ ಸರಕು ಹಡಗುಗಳ ಇಂಜಿನ್ ರೂಮಿನಲ್ಲಿ ದುಡಿದು ಹೋದ ವರ್ಷ ಊರಿಗೆ ಬಂದವನು. ನಮ್ಮಲ್ಲಿ ಅಳಿಯಕಟ್ಟು, ಅಂದರೆ ಮನೆತನವನ್ನು ತಾಯಿಯ ಕಡೆಯಿಂದ ಎಣಿಸುವ ಪದ್ಧತಿ. ಮಾವನ ಬೋಟಿನ ಚಿಂತೆ ಅಳಿಯನದ್ದೂ ಹೌದು.

ಚಿಂತೆ ಇಷ್ಟು: ಮೂರು ವರ್ಷದಲ್ಲಿ ಮೂರು ಸಲ ಸ್ಟರ್ನ್ ಬುಶ್ ಹೋಗಿತ್ತು. ಇಂಜಿನಿನಿಂದ ಹೊರಟ ಶಾಫ್ಟ್ ಬೋಟಿನ ಹಿಂಬದಿಯಲ್ಲಿ ನೀರಿಗೆ ಇಳಿಯುತ್ತದೆ. ಅದರ ತುದಿಯಲ್ಲಿ ನೀರು ತಳ್ಳಿ ಬೋಟು ಓಡಿಸುವ ಫ್ಯಾನ್. ಆ ತುದಿಯನ್ನು ಹೊತ್ತು ನಿಲ್ಲುವುದೇ ಈ ಬುಶ್. ಹೊರಗೆ ಹಿತ್ತಾಳೆ ಕೊಳವೆ, ಒಳಗೆ ಉದ್ದುದ್ದ ಗೀರಿನ ರಬ್ಬರ್. ಗೀರುಗಳಲ್ಲಿ ಹರಿಯುವ ಸಮುದ್ರದ ನೀರೇ ಅದಕ್ಕೆ ಎಣ್ಣೆ. ಪ್ರತಿ ಮಳೆಗಾಲದಲ್ಲೂ ಬುಶ್ ಸವೆದಿರುತ್ತಿತ್ತು, ಹೊಸದು ಹಾಕುತ್ತಿದ್ದರು. ಯಾಕೆ ಸವೆಯಿತು ಅಂತ ಯಾರೂ ಬರೆದಿಟ್ಟಿರಲಿಲ್ಲ.

ದೊಡ್ಡ ಹಡಗಿಗೆ ಐದು ವರ್ಷದಲ್ಲಿ ಎರಡು ಸಲ ತಳ ತಪಾಸಣೆ ಆಗಬೇಕು. ಎರಡರ ನಡುವೆ 36 ತಿಂಗಳಿಗಿಂತ ಜಾಸ್ತಿ ಅಂತರ ಇರಬಾರದು. ನಮ್ಮ ಬೋಟಿಗೆ ಪ್ರತಿ ವರ್ಷ 61 ದಿನ ಸಿಗುತ್ತದೆ. ಜೂನ್ 1ರಿಂದ ಜುಲೈ 31ರ ತನಕದ ನಿಷೇಧ ಇರುವುದು ಮೀನು ಮರಿ ಮಾಡಲಿ ಅಂತ. ನನ್ನ ಮಟ್ಟಿಗೆ ಅದೇ ಡ್ರೈ ಡಾಕ್, ನೀರಿನಿಂದ ಹೊರಗಿಟ್ಟು ರಿಪೇರಿ ಮಾಡುವ ಸಮಯ. ಹಡಗಿನವರಿಗೆ ಸಿಗದ ಇಷ್ಟು ಸಮಯ ನಮಗೆ ಸಿಗುತ್ತದೆ. ಆ ಸಮಯವನ್ನು ಬರೀ ಪೇಂಟ್ ಹೊಡೆಯುವುದಕ್ಕೆ ಕಳೆಯಬಾರದು ಅಂತ ಈ ಸಲ ಮೊದಲೇ ನಿಶ್ಚಯ ಮಾಡಿದ್ದೆ.

ಜೂನ್ 1, ನೀರಿನಲ್ಲೇ

ಬೋಟನ್ನು ದಡಕ್ಕೆ ಎಳೆಯುವ ಮೊದಲೇ ಎರಡು ಅಳತೆ ತೆಗೆದುಕೊಂಡೆ. ಎಳೆದ ಮೇಲೆ ಇವೆರಡೂ ಸರಿಯಾಗಿ ಸಿಗುವುದಿಲ್ಲ.

ಮೊದಲನೆಯದು ಕಪ್ಲಿಂಗ್. ಗೇರ್‌ಬಾಕ್ಸಿನ ಫ್ಲೇಂಜ್, ಶಾಫ್ಟಿನ ಫ್ಲೇಂಜ್ ಎರಡೂ ಮುಖಕ್ಕೆ ಮುಖ ಕೂರಬೇಕು. ಬೋಲ್ಟ್ ಬಿಚ್ಚಿ, ಸಂದಿ ಅಳೆಯುವ ತೆಳು ತಗಡು, ಅಂದರೆ ಫೀಲರ್ ಗೇಜ್ ತೂರಿಸಿದೆ. ಮೇಲೆ ಮತ್ತು ಕೆಳಗೆ ಸಿಕ್ಕ ಸಂದಿಯಲ್ಲಿ 0.55 ಮಿಲಿಮೀಟರ್ ವ್ಯತ್ಯಾಸ. ಫ್ಲೇಂಜಿನ ಅಗಲ 200 ಮಿಲಿಮೀಟರ್, ಅಂದರೆ ಎಂಟು ಇಂಚು. ಒಂದು ಇಂಚು ಅಗಲಕ್ಕೆ ಇಂಚಿನ ಸಾವಿರದಲ್ಲಿ ಒಂದು ಭಾಗ ಅನ್ನುವುದು ಹಳೆಯ ಲೆಕ್ಕ. ಆ ಪ್ರಕಾರ ನಮಗೆ 0.2 ಮಿಲಿಮೀಟರಿನ ತನಕ ನಡೆಯುತ್ತದೆ. ನಮ್ಮದು ಅದರ ಎರಡೂವರೆ ಪಟ್ಟು ಮೀರಿತ್ತು.

ಎರಡನೆಯದು ಕರೆಂಟಿನ ಅಳತೆ. ಮಲ್ಟಿಮೀಟರಿನ ಒಂದು ತಂತಿ ಬೋಟಿನ ಕಬ್ಬಿಣಕ್ಕೆ, ಇನ್ನೊಂದು ತಂತಿ ಹೋಲಿಸಿ ಅಳೆಯಲು ನೀರಿನಲ್ಲಿ ಇಳಿಬಿಟ್ಟ ಬೆಳ್ಳಿ ಕ್ಲೋರೈಡ್ ಸೆಲ್ಲಿಗೆ. ಸೆಲ್ ಪರಿಚಯದವರಿಂದ ಕೇಳಿ ತಂದದ್ದು. ಸಮುದ್ರದ ನೀರಿನಲ್ಲಿ ಕಬ್ಬಿಣ ಕ್ಷೇಮವಾಗಿರಬೇಕಾದರೆ ಮೈನಸ್ 0.80 ವೋಲ್ಟ್ ಅಥವಾ ಅದಕ್ಕಿಂತ ಕೆಳಗೆ ಬರಬೇಕು. ಹಿಂಬದಿಯಲ್ಲಿ ಬಂದದ್ದು ಮೈನಸ್ 0.62. ತುಕ್ಕು ತಡೆಯುವ ಜಿಂಕ್ (ಸತು) ಗಟ್ಟಿ ಕಟ್ಟದೆ ಬಿಟ್ಟ ಬರೀ ಕಬ್ಬಿಣಕ್ಕೂ ಹೆಚ್ಚುಕಡಿಮೆ ಇಷ್ಟೇ ಬರುತ್ತದೆ. ನಮ್ಮ ಬೋಟಿಗೆ ಎಂಟು ಜಿಂಕ್ ಗಟ್ಟಿ ಕಟ್ಟಿದೆ. ಅವೆಲ್ಲ ಏನು ಮಾಡುತ್ತಿವೆ?

ಜೂನ್ 4, ದಡದಲ್ಲಿ

ಬೋಟು ಮೇಲೆ ಬಂತು. ನೀರು ಹೊಡೆದು ಚಿಪ್ಪು ಕೆರೆದು ಹಾಕುವುದಕ್ಕೇ ಎರಡು ದಿನ ಬೇಕಾಯಿತು. ಆಮೇಲೆ ಜಿಂಕ್ ಕಾಣಿಸಿತು. ಎಂಟೂ ಗುಂಡಗೆ, ಅಂಚು ಸಮೇತ, ಹೊಸದರ ಹಾಗೆಯೇ ಇದ್ದವು.

ಬೋಟು ನಡೆಸುವ ತಂಡೇಲರು ಗಂಗೊಳ್ಳಿಯವರು, ನಲವತ್ತು ವರ್ಷ ಸಮುದ್ರ ಕಂಡವರು. ಅವರು ಜಿಂಕನ್ನು ಮುಟ್ಟಿ ನೋಡಿ ಖುಷಿಪಟ್ಟರು. "ಕಾಣ್ ಮಾರಾಯ, ಒಂಚೂರೂ ಸವೀಲಿಲ್ಲ. ಈ ವರ್ಷ ಖರ್ಚ್ ಉಳೀತ್."

ಹೇಳಲು ನನಗೆ ಕಷ್ಟವಾಯಿತು. "ತಂಡೇಲ್ರೇ, ಸವೆಯಲಿಲ್ಲ ಅಂದರೆ ಅದು ಕೆಲಸ ಮಾಡಲಿಲ್ಲ ಅಂತ. ಜಿಂಕ್ ಸವೆಯುವುದಕ್ಕೇ ಇರುವುದು. ಅದು ತಾನು ಕರಗಿ ಕಬ್ಬಿಣವನ್ನು ಉಳಿಸಬೇಕು."

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಜೇಬಿನ ಚಾಕುವಿನಿಂದ ಒಂದು ಗಟ್ಟಿಯನ್ನು ಕೆರೆದರು. ಮೇಲೆ ಕೆಂಪು ಪೇಂಟ್. ಹೋದ ವರ್ಷ ತಳಕ್ಕೆ ಪೇಂಟ್ ಹೊಡೆದವರು ಜಿಂಕಿನ ಮೇಲೂ ಎಳೆದುಬಿಟ್ಟಿದ್ದಾರೆ. ನಮ್ಮವರು ಯಾರೂ ನೋಡಲಿಲ್ಲ. ಪೇಂಟ್ ಬಿದ್ದ ಜಿಂಕ್ ಬರೀ ಭಾರ.

ಫ್ಯಾನಿನ ಕಥೆ ಇನ್ನೂ ಬೇಸರದ್ದು. ಮೂರು ಎಲೆಯ ಮ್ಯಾಂಗನೀಸ್ ಕಂಚಿನ ಫ್ಯಾನ್ ಅದು. ಒಳ್ಳೆಯ ಕಂಚು ಹಳದಿ ಇರುತ್ತದೆ. ನಮ್ಮದರ ತುದಿಗಳು ತಾಮ್ರದ ಹಾಗೆ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಈ ಕಂಚಿನಲ್ಲಿ ಸತುವಿನ ಪಾಲು ಬಹಳ. ಕಾಯಲು ಯಾರೂ ಇಲ್ಲದಾಗ ಸಮುದ್ರ ಆ ಸತುವನ್ನು ಹೀರಿಕೊಳ್ಳುತ್ತದೆ, ಉಳಿಯುವುದು ತೂತು ತೂತಾದ ಪೊಳ್ಳು ತಾಮ್ರ. ಸುತ್ತಿಗೆಯಿಂದ ಮೆಲ್ಲ ಬಡಿದೆ. ಎರಡು ಎಲೆ ದೇವಸ್ಥಾನದ ಗಂಟೆಯ ಹಾಗೆ ಮೊಳಗಿದವು. ಮೂರನೆಯದು "ಟಪ್" ಅಂದಿತು. ಅದರ ಅಂಚನ್ನು ಪಕ್ಕಡಿನಲ್ಲಿ ಹಿಡಿದು ತಿರುಚಿದರೆ ಹಪ್ಪಳದ ಹಾಗೆ ಮುರಿದು ಬಂತು.

ಜೂನ್ 6, ಬಿಸ್ಕತ್ ಡಬ್ಬ

ಮಾವನ ಮನೆಯಲ್ಲಿ ಬೋಟಿನ ಬಿಲ್ಲುಗಳೆಲ್ಲ ಒಂದು ಹಳೇ ಬಿಸ್ಕತ್ ಡಬ್ಬದಲ್ಲಿವೆ. ಒಂದು ಮಳೆ ದಿನ ಪೂರ್ತಿ ಅವನ್ನು ನೆಲದ ಮೇಲೆ ಹರಡಿ ತಾರೀಕಿನ ಪ್ರಕಾರ ಜೋಡಿಸಿದೆ. ಅತ್ತೆ ಎರಡು ಸಲ ಕಾಪಿ ತಂದಿಟ್ಟು, ಮೂರನೇ ಸಲ "ಇದರಲ್ಲಿ ಎಂಥ ಸಿಗ್ತದೆ?" ಅಂತ ಕೇಳಿದರು.

ಸಿಕ್ಕಿತು. ಮೂರು ಬುಶ್ಶಿನ ಬಿಲ್ಲುಗಳ ಹಿಂದೆ ಇನ್ನೊಂದು ಬಿಲ್ಲು ಇತ್ತು: ಇಂಜಿನ್ ಕೆಳಗಿಳಿಸಿ ಗೇರ್‌ಬಾಕ್ಸ್ ಕೆಲಸ ಮಾಡಿಸಿದ್ದು. ಅದು ಮೊದಲ ಬುಶ್ ಹೋಗುವ ಎಂಟು ತಿಂಗಳ ಹಿಂದೆ. ಇಂಜಿನ್ ಎತ್ತಿ ಇಟ್ಟ ಮೇಲೆ ಬುಶ್ ಸವೆಯಲು ಶುರುವಾಗಿದೆ. ನಾಲ್ಕು ಬಿಲ್ಲೂ ಒಂದೇ ಡಬ್ಬದಲ್ಲಿ ಇದ್ದವು. ಅಕ್ಕಪಕ್ಕ ಇಟ್ಟು ನೋಡಿದವರು ಇರಲಿಲ್ಲ, ಅಷ್ಟೇ.

ಅಂದೇ ಪೇಟೆಯಿಂದ ಇನ್ನೂರು ಪುಟದ ಗಟ್ಟಿ ರಟ್ಟಿನ ನೋಟ್‌ಬುಕ್ ತಂದೆ. ಹಡಗಿನಲ್ಲಿ ಇದಕ್ಕೆಲ್ಲ ಕಂಪ್ಯೂಟರ್ ಇರುತ್ತದೆ. 1998ರಲ್ಲಿ ಜಾರಿಗೆ ಬಂದ, ಹಡಗುಗಳ ಸುರಕ್ಷತೆಯ ಅಂತಾರಾಷ್ಟ್ರೀಯ ಐಎಸ್ಎಂ ನಿಯಮದ ಹತ್ತನೇ ಭಾಗ ಇದನ್ನೇ ಹೇಳುತ್ತದೆ: ನಿರ್ವಹಣೆ ಕಾಲಕಾಲಕ್ಕೆ ಆಗಬೇಕು, ದೋಷ ಕಂಡರೆ ಕಾರಣ ಗೊತ್ತಿದ್ದಲ್ಲಿ ಅದನ್ನೂ ಸೇರಿಸಿ ಬರೆಯಬೇಕು, ಕೈಕೊಟ್ಟರೆ ಅಪಾಯ ತರುವ ಯಂತ್ರಗಳನ್ನು ಗುರುತು ಮಾಡಿಡಬೇಕು. ಮೀನಿನ ಬೋಟಿಗೆ ಆ ನಿಯಮ ಇಲ್ಲ. ಆದರೆ ಸಮುದ್ರ ಒಂದೇ ಅಲ್ವಾ.

ಒಂದೊಂದು ಭಾಗಕ್ಕೆ ಒಂದೊಂದು ಪುಟ ಬಿಟ್ಟೆ. ಯಾವಾಗ ಹಾಕಿದ್ದು, ಆಗ ಇಂಜಿನ್ ಎಷ್ಟು ಗಂಟೆ ಓಡಿತ್ತು, ಅಳತೆ ಎಷ್ಟು, ತೆಗೆದಾಗ ಹೇಗಿತ್ತು, ಯಾಕೆ. ಈ "ಯಾಕೆ" ಅನ್ನುವ ಖಾನೆಗೆ ಎಲ್ಲಕ್ಕಿಂತ ಜಾಸ್ತಿ ಜಾಗ. ಯಾವುದು ಕೈಕೊಟ್ಟರೆ ಬೋಟು ತಾನಾಗಿ ಬಂದರಿಗೆ ಮರಳುವುದಿಲ್ಲವೋ ಆ ಪುಟದ ಮೂಲೆಗೆ ಕೆಂಪು ಬಣ್ಣ. ಫ್ಯಾನ್, ಶಾಫ್ಟ್, ಶಾಫ್ಟಿನ ಸುತ್ತ ನೀರು ಒಳಬರದಂತೆ ತಡೆಯುವ ಗ್ಲ್ಯಾಂಡ್, ಚುಕ್ಕಾಣಿ, ನೀರಿನ ಪಂಪು, ತಳದಲ್ಲಿ ನಿಂತ ನೀರು ಹೊರಹಾಕುವ ಬಿಲ್ಜ್ ಪಂಪು. ಬಲೆ ಎಳೆಯುವ ವಿಂಚ್ ಕೆಟ್ಟರೆ ಮೀನು ಸಿಗಲಿಕ್ಕಿಲ್ಲ, ಜನ ಮನೆಗೆ ಬರುತ್ತಾರೆ. ಅದಕ್ಕೆ ಕೆಂಪು ಇಲ್ಲ. ಮಾವನಿಗೆ ಇದು ಒಪ್ಪಿಗೆ ಆಗಲು ಎರಡು ದಿನ ಹಿಡಿಯಿತು.

ಗಂಟೆಯ ಲೆಕ್ಕ ಯಾಕೆ ಬೇಕು ಅಂದರೆ, ಬೋಟಿನ ಇಂಜಿನಿಗೆ ಕಿಲೋಮೀಟರ್ ಇಲ್ಲ. ನಮ್ಮದು ವರ್ಷಕ್ಕೆ ಸುಮಾರು 25 ಟ್ರಿಪ್, ಒಂದೊಂದು ಒಂಬತ್ತು ದಿನ, ದಿನಕ್ಕೆ 18 ಗಂಟೆ ಓಟ. 4,000 ಗಂಟೆ ದಾಟುತ್ತದೆ. ಗಂಟೆಗೆ 40 ಕಿಲೋಮೀಟರ್ ಓಡುವ ಲಾರಿ ಅಂದುಕೊಂಡರೆ ಹತ್ತು ತಿಂಗಳಲ್ಲಿ 1,60,000 ಕಿಲೋಮೀಟರ್. 250 ಗಂಟೆಗೆ ಒಮ್ಮೆ ಆಯಿಲ್ ಬದಲಿಸುವುದಾದರೆ ವರ್ಷಕ್ಕೆ 16 ಸಲ ಆಗಬೇಕು. ಡಬ್ಬದಲ್ಲಿ ಸಿಕ್ಕ ಆಯಿಲ್ ಬಿಲ್ಲು ಹನ್ನೊಂದು.

ಜೂನ್ 12

ಶಾಫ್ಟ್ ಎಳೆದೆವು. ಹೊಸದರಲ್ಲಿ ಬುಶ್ಶಿಗೂ ಶಾಫ್ಟಿಗೂ ಅರ್ಧ ಮಿಲಿಮೀಟರ್ ಆಸುಪಾಸು ಸಂದಿ ಬಿಟ್ಟಿದ್ದೆವು ಅಂತ ಮೆಕ್ಯಾನಿಕ್ ನೆನಪಿಸಿಕೊಂಡ. ಈಗ 2.6. ಸವೆತ ಸುತ್ತಲೂ ಸಮ ಇಲ್ಲ, ಒಂದೇ ಮಗ್ಗುಲಿಗೆ. ಇನ್ನೊಂದು ಮಗ್ಗುಲಿನ ರಬ್ಬರ್ ಗೀರುಗಳು ಅಚ್ಚಿನಿಂದ ತೆಗೆದ ಹಾಗೆ ಚೂಪಾಗಿದ್ದವು. ಶಾಫ್ಟ್ ಓರೆಯಾಗಿ ತಿರುಗುತ್ತಿತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಓರೆ ಎಲ್ಲಿಂದ ಬಂತು? ಇಂಜಿನಿನ ಹಿಂದಿನ ಎಡಗಾಲಿನ ಬೋಲ್ಟ್ ಕೈಯಲ್ಲೇ ತಿರುಗಿತು. ಅದರ ಕೆಳಗೆ ಎತ್ತರ ಸರಿಹೊಂದಿಸಲು ಇಟ್ಟಿದ್ದ ಶಿಮ್ ತಗಡು ತುಕ್ಕಾಗಿ ಪುಡಿಯಾಗಿತ್ತು. ಗೇರ್‌ಬಾಕ್ಸ್ ಕೆಲಸ ಮುಗಿಸಿ ಇಂಜಿನ್ ಕೂರಿಸುವಾಗ ತೆಳು ಕಬ್ಬಿಣದ ತುಂಡುಗಳನ್ನು ಸುಮ್ನೆ ತುರುಕಿದ್ದರು. ಸ್ಟೇನ್‌ಲೆಸ್ ತಗಡು ಕತ್ತರಿಸಿ ನಾಲ್ಕೂ ಕಾಲಿಗೆ ಹೊಸ ಶಿಮ್ ಮಾಡಿಸಿದೆವು.

ಜೂನ್ 18, ಮೀನಿನ ಖಾನೆ

ಇಲ್ಲಿ ಒಂದು ಮಾತು ಜೋರಾಗಿಯೇ ಹೇಳಬೇಕು. ಎರಡು ವಾರ ಮುಚ್ಚಿಟ್ಟ ಮೀನಿನ ಖಾನೆಗೆ ಯಾರೂ ನೇರ ಇಳಿಯಬಾರದು. ಕೆಳಗೆ ಉಳಿದ ಮೀನಿನ ಲೋಳೆ ಕೊಳೆತು ಗಾಳಿಯ ಆಮ್ಲಜನಕ ತಿಂದಿರುತ್ತದೆ. ಜೊತೆಗೆ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುವುದು ಅದರದ್ದೇ. ಆದರೆ ಜಾಸ್ತಿ ಇದ್ದಾಗ ಮೂಗು ಮರಗಟ್ಟಿ ವಾಸನೆಯೇ ಗೊತ್ತಾಗುವುದಿಲ್ಲ. ವಾಸನೆ ಹೋಯಿತು ಅಂತ ಇಳಿದವನು ಬೀಳುತ್ತಾನೆ, ಅವನನ್ನು ಎತ್ತಲು ಹೋದವನೂ ಬೀಳುತ್ತಾನೆ. ನಾವು ಮುಚ್ಚಳ ತೆಗೆದು ಬ್ಲೋವರ್ ಪೈಪನ್ನು ತಳದ ತನಕ ಇಳಿಸಿ ಇಡೀ ದಿನ ಗಾಳಿ ಊದಿದೆವು. ಗ್ಯಾಸ್ ಮೀಟರ್ ಬಾಡಿಗೆಗೆ ತಂದೆವು. ಇಳಿದವನ ಸೊಂಟಕ್ಕೆ ಹಗ್ಗ, ಮೇಲೆ ಒಬ್ಬ ಕೂತೇ ಇರಬೇಕು. ಬೋಟಿನಲ್ಲಿ ದುಡಿಯುವ ಕಲಾಸಿ ಹುಡುಗರಿಗೆ ಇದು ತುಂಬ ಹೆಚ್ಚಾಯಿತು ಅನ್ನಿಸಿತು. ಅನ್ನಿಸಲಿ. ಅವರ ಅಮ್ಮಂದಿರ ಮುಖ ನನಗೆ ಗೊತ್ತು.

ತಳದ ತಗಡು ಮೊದಲಿಗೆ 6 ಮಿಲಿಮೀಟರ್. ಅಲ್ಟ್ರಾಸೋನಿಕ್ ಮೀಟರಿನಲ್ಲಿ ಹೊರಗಿನಿಂದ ಅರುವತ್ತು ಕಡೆ ಅಳೆದು, ಬೋಟಿನ ಚಿತ್ರ ಬರೆದು ಚುಕ್ಕಿ ಇಟ್ಟೆ. ಹೆಚ್ಚಿನ ಕಡೆ 5.5, 5.6. ಖಾನೆಯ ಕೆಳಗೆ ಎಡಬದಿಯಲ್ಲಿ ಮಾತ್ರ 4.1. ಮೂರರಲ್ಲಿ ಒಂದು ಪಾಲು ಹೋಗಿದೆ. ಹೊರಗಿನ ಪೇಂಟ್ ನುಣ್ಣಗೆ ಹೊಳೆಯುತ್ತಿತ್ತು, ಯಾಕಂದರೆ ತಿಂದದ್ದು ಹೊರಗಿನ ಸಮುದ್ರ ಅಲ್ಲ. ಐಸ್ ಕರಗಿದ ಉಪ್ಪು ನೀರು, ಖಾನೆ ತಂಪಾಗಿರಲು ಹಾಕಿದ ಫೋಮಿನ ಹಿಂದೆ ನುಸುಳಿ, ಅಲ್ಲೇ ನಿಂತು, ಒಳಗಿನಿಂದ ತಿಂದಿದೆ.

ಎರಡು ಚದರ ಮೀಟರ್ ತಗಡು ಕತ್ತರಿಸಿ ಹೊಸದು ಬೆಸೆದೆವು. ಬೆಸೆಯುವ ಮೊದಲು ಸುತ್ತಲಿನ ಫೋಮನ್ನು ದೂರದ ತನಕ ಕಿತ್ತು ತೆಗೆಯಬೇಕು. ಅದಕ್ಕೆ ಬೆಂಕಿ ಹಿಡಿದರೆ ಬರುವ ಹೊಗೆ ವಿಷ. ಬ್ಯಾಟರಿ, ಆಲ್ಟರ್ನೇಟರ್ ತಂತಿ ಬಿಚ್ಚಿಟ್ಟೆವು. ವೆಲ್ಡಿಂಗ್ ಅರ್ತನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಕಚ್ಚಿಸಿದೆವು. ದೂರ ಕಚ್ಚಿಸಿದರೆ ಕರೆಂಟು ಬೇರಿಂಗ್ ಮೂಲಕ ದಾರಿ ಹುಡುಕುತ್ತದೆ. ಮಳೆ ಬಿಡದೆ ಮೂರು ದಿನದ ಕೆಲಸ ಒಂಬತ್ತು ದಿನವಾಯಿತು.

ಜುಲೈ 3

ಹೊಸ ಫ್ಯಾನ್ ಬಂತು. ಶಾಫ್ಟಿನ ತುದಿಗೆ ನೀಲಿ ಬಣ್ಣ ತೆಳ್ಳಗೆ ಸವರಿ ಫ್ಯಾನ್ ಕೂರಿಸಿ ತೆಗೆದರೆ ಎಲ್ಲೆಲ್ಲಿ ತಾಗುತ್ತದೆ ಅಂತ ಗೊತ್ತಾಗುತ್ತದೆ. ಮೊದಲ ಸಲ ಅರ್ಧಕ್ಕರ್ಧ. ಉಜ್ಜಿ, ಕೂರಿಸಿ, ತೆಗೆದು, ನಾಲ್ಕನೇ ಸಲಕ್ಕೆ ಮುಕ್ಕಾಲಿಗಿಂತ ಜಾಸ್ತಿ ನೀಲಿ ಬಂತು.

ಜುಲೈ 9, ಐಸಿನಲ್ಲಿ ಬುಶ್

ಬುಶ್ಶನ್ನು ಬಡಿದು ಕೂರಿಸುವುದು ನನಗೆ ಇಷ್ಟ ಇಲ್ಲ. ಹಿತ್ತಾಳೆ ಕೊಳವೆ ಸೊಟ್ಟಗಾಗುತ್ತದೆ. ತಂಪು ಮಾಡಿದರೆ ಅದು ತಾನೇ ಕುಗ್ಗುತ್ತದೆ. ಮಲ್ಪೆಯಲ್ಲಿ ಐಸಿಗೆ ಬರವೇ? ನಾಡದೋಣಿಯವರಿಗೆ ಬೇಕಾಗುವುದರಿಂದ ನಿಷೇಧದ ದಿನಗಳಲ್ಲೂ ಸಿಗುತ್ತದೆ. ಪುಡಿ ಐಸಿಗೆ ಕಲ್ಲುಪ್ಪು ಬೆರೆಸಿ, ಮೀನಿನ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಬುಶ್ ಹೂತಿಟ್ಟೆವು. ಬೆಳಿಗ್ಗೆ ಥರ್ಮಾಮೀಟರ್ ಮೈನಸ್ 11 ತೋರಿಸಿತು. 100 ಮಿಲಿಮೀಟರ್ ಅಗಲದ ಹಿತ್ತಾಳೆ 40 ಡಿಗ್ರಿ ತಂಪಾದರೆ ಸುಮಾರು 0.07 ಮಿಲಿಮೀಟರ್ ಕುಗ್ಗುತ್ತದೆ. ಕೇಳಲು ಸಣ್ಣ ಲೆಕ್ಕ. ಆದರೆ ಹೋದ ವರ್ಷ ಮೂವರು ಮಧ್ಯಾಹ್ನದ ತನಕ ಬಡಿದದ್ದು ಈ ಸಲ ಒಂದು ಮರದ ತುಂಡು ಇಟ್ಟು ನಾಲ್ಕು ಪೆಟ್ಟು ಹೊಡೆದದ್ದಕ್ಕೆ ಒಳಗೆ ಹೋಯಿತು.

ಶಾಫ್ಟ್ ತೂರಿಸುವಾಗ ಮೆಕ್ಯಾನಿಕ್ ಗ್ರೀಸ್ ಡಬ್ಬಕ್ಕೆ ಕೈ ಹಾಕಿದ. ತಡೆದೆ. ಗ್ರೀಸು ರಬ್ಬರಿಗೆ ಆಗದು. ಸಾಬೂನು ನೀರು ಸಾಕು.

ಜುಲೈ 14, ಜಿಂಕ್ ಬಿಟ್ಟು ಅಲ್ಯೂಮಿನಿಯಂ

ಪೇಂಟ್ ಕೆರೆದು ಹಳೇ ಜಿಂಕನ್ನೇ ಮತ್ತೆ ಕಟ್ಟಬಹುದಿತ್ತು. ಮಾವನೂ ಅದನ್ನೇ ಹೇಳಿದರು. ಬೇಡ ಅಂದೆ. ಕಾರಣ ನಮ್ಮ ಬಂದರು.

ಮಲ್ಪೆ ಬಂದರು ಹೊಳೆಬಾಯಿಯಲ್ಲಿದೆ. ಬೇಸಿಗೆಯಲ್ಲಿ ಇಲ್ಲಿ ಉಪ್ಪು ನೀರು. ಮಳೆ ಹಿಡಿದ ಮೇಲೆ ಉದ್ಯಾವರ ಹೊಳೆ ತುಂಬಿ ಬಂದು ನೀರು ಸಪ್ಪೆಯಾಗುತ್ತದೆ. ಸಪ್ಪೆ ನೀರಿನಲ್ಲಿ ಜಿಂಕಿನ ಮೇಲೆ ಗಟ್ಟಿ ಪೊರೆ ಕಟ್ಟುತ್ತದೆ. ಆಮೇಲೆ ಬೋಟು ಉಪ್ಪು ಸಮುದ್ರಕ್ಕೆ ಹೋದರೂ, ಪೊರೆ ಉಜ್ಜಿ ತೆಗೆಯದಿದ್ದರೆ ಜಿಂಕ್ ಎಚ್ಚರಾಗುವುದಿಲ್ಲ. ನಮ್ಮ ಬೋಟುಗಳು ನೀರಿಗಿಳಿದು ಕಾಯುವುದು ಸರಿಯಾಗಿ ಆ ಸಪ್ಪೆ ನೀರಿನ ದಿನಗಳಲ್ಲೇ. ಅಲ್ಯೂಮಿನಿಯಂ ಗಟ್ಟಿ ಎರಡೂ ನೀರಿಗೆ ಆಗುತ್ತದೆ. ಒಂದು ಕಿಲೋ ಜಿಂಕ್ ಸುಮಾರು 780 ಆಂಪಿಯರ್ ಗಂಟೆ ಕೊಟ್ಟರೆ ಅಲ್ಯೂಮಿನಿಯಂ 2,500ರ ಹತ್ತಿರ ಕೊಡುತ್ತದೆ. ಎರಡನ್ನೂ ಬೆರೆಸಿ ಕಟ್ಟಬಾರದು. ಎಂಟಕ್ಕೆ ಎಂಟೂ ಬದಲಿಸಿದೆ. ಪೇಂಟ್ ಹೊಡೆಯುವ ದಿನ ಒಂದೊಂದಕ್ಕೂ ಪೇಪರ್ ಸುತ್ತಿ ಟೇಪ್ ಹಾಕಿ, ಪಕ್ಕದಲ್ಲೇ ನಿಂತಿದ್ದೆ.

ಇಷ್ಟೇ ಮಾಡಿದರೆ ಫ್ಯಾನ್ ಉಳಿಯುವುದಿಲ್ಲ. ಬೋಟಿನ ಮೈಗೆ ಕಟ್ಟಿದ ಗಟ್ಟಿ ಫ್ಯಾನನ್ನು ಕಾಯಬೇಕಾದರೆ ಎರಡರ ನಡುವೆ ಕರೆಂಟಿನ ದಾರಿ ಇರಬೇಕು. ಶಾಫ್ಟ್ ಹಿಂದೆ ರಬ್ಬರಿನ ಮೇಲೆ ಕೂತಿದೆ. ಮುಂದೆ ಗೇರ್‌ಬಾಕ್ಸ್ ಬೇರಿಂಗಿನಲ್ಲಿ, ನಿಂತಾಗ ಲೋಹಕ್ಕೆ ಲೋಹ ತಾಗುತ್ತದೆ. ತಿರುಗಲು ಶುರುವಾದ ಕೂಡಲೇ ನಡುವೆ ಎಣ್ಣೆಯ ಪದರ ಬಂದು ದಾರಿ ಕಡಿದುಹೋಗುತ್ತದೆ. ನಿಂತ ಬೋಟಿನಲ್ಲಿ ಮಲ್ಟಿಮೀಟರ್ ಹಿಡಿದು "ಎಲ್ಲ ಸರಿ ಇದೆ" ಅಂದವರಿಗೆ ಇದು ಕಾಣುವುದಿಲ್ಲ. ಮೇ ತಿಂಗಳ ಕೊನೆಯ ಟ್ರಿಪ್ಪಿನಲ್ಲಿ ಓಡುವಾಗಲೇ ಅಳೆದಿದ್ದೆ: ಶಾಫ್ಟಿಗೂ ಬೋಟಿನ ಮೈಗೂ 210 ಮಿಲಿವೋಲ್ಟ್. 50ರ ಒಳಗೆ ಇರಬೇಕು. ಹಡಗುಗಳಲ್ಲಿ ಮಾಡುವ ಹಾಗೆ ಶಾಫ್ಟಿಗೆ ಒಂದು ಬೆಳ್ಳಿ ಲೇಪದ ಪಟ್ಟಿ ಬಿಗಿದು, ಅದರ ಮೇಲೆ ಸವರುವ ಬ್ರಷ್ ಇಟ್ಟು, ದಪ್ಪ ತಾಮ್ರದ ತಂತಿಯಿಂದ ಬೋಟಿನ ಮೈಗೆ ಜೋಡಿಸಿದೆ. ಬ್ರಷ್ಷಿಗೂ ನೋಟ್‌ಬುಕ್ಕಿನಲ್ಲಿ ಒಂದು ಪುಟ. ಪಟ್ಟಿಗೆ ಎಣ್ಣೆ ಹಾರಿದರೆ ಅದೂ ಪ್ರಯೋಜನ ಇಲ್ಲ, ಹದಿನೈದು ದಿನಕ್ಕೊಮ್ಮೆ ಒರೆಸಬೇಕು.

ಜುಲೈ 22, ಮತ್ತೆ ನೀರಿಗೆ

ದಡದಲ್ಲಿ ಮರದ ದಿಮ್ಮಿಯ ಮೇಲೆ ಕೂತಿದ್ದಾಗ ಕಪ್ಲಿಂಗ್ ವ್ಯತ್ಯಾಸವನ್ನು 0.10ಕ್ಕೆ ತಂದಿದ್ದೆ. ಮೆಕ್ಯಾನಿಕ್ ಬೋಲ್ಟ್ ಬಿಗಿದು ಮುಗಿಸಲು ತಯಾರಾಗಿದ್ದ. ನೀರಿಗಿಳಿದ ಮೇಲೆ ನೋಡೋಣ ಅಂದೆ. ಡೀಸೆಲ್ ಅರ್ಧ, ಕುಡಿಯುವ ನೀರು ಅರ್ಧ ತುಂಬಿಸಿ ಎರಡು ದಿನ ಬಿಟ್ಟೆವು. ಸ್ಟೀಲ್ ಆದರೂ ಬೋಟು ನೀರಿನಲ್ಲಿ ಸ್ವಲ್ಪ ಬಾಗುತ್ತದೆ. ಮೂರನೇ ದಿನ ಅಳೆದಾಗ 0.32.

ಮಳೆ ಸುರಿಯುತ್ತಿತ್ತು. ಇಂಜಿನ್ ರೂಮಿನಲ್ಲಿ ನಾನು, ಮೆಕ್ಯಾನಿಕ್, ಟಾರ್ಚ್ ಹಿಡಿದ ತಂಡೇಲರು. ಹಿಂದಿನ ಎರಡು ಕಾಲಿನಿಂದ ತೆಳು ತಗಡು ಒಂದೊಂದೇ ತೆಗೆಯುತ್ತಾ, ಬಿಗಿಯುತ್ತಾ, ಅಳೆಯುತ್ತಾ ಸಂಜೆಯಾಯಿತು. ಕೊನೆಗೆ 0.12 ಬಂತು. ತಂಡೇಲರು ತಾವೇ ಫೀಲರ್ ಗೇಜ್ ತೆಗೆದುಕೊಂಡು ನಾಲ್ಕೂ ದಿಕ್ಕಿನಲ್ಲಿ ಇನ್ನೊಮ್ಮೆ ತೂರಿಸಿ ನೋಡಿದರು. "ಪುಸ್ತಕಕ್ಕೆ ಬರಿ" ಅಂದರು.

ಆಗಸ್ಟ್, ಮೊದಲ ಟ್ರಿಪ್

ನಾನೂ ಹೋದೆ. ಮೊದಲ ಒಂದು ಗಂಟೆ ಗ್ಲ್ಯಾಂಡಿನ ಪಕ್ಕವೇ ಕೂತಿದ್ದೆ. ಅದರೊಳಗೆ ನೀರು ತಡೆಯಲು ತುಂಬುವ ಹೊಸ ಪ್ಯಾಕಿಂಗನ್ನು ಒಮ್ಮೆಗೇ ಬಿಗಿದರೆ ಶಾಫ್ಟ್ ಸುಡುತ್ತದೆ. ಮೊದಲು ನೀರು ಧಾರೆಯಾಗಿ ಸುರಿಯಲು ಬಿಟ್ಟು, ನಟ್ಟನ್ನು ಒಂದೊಂದು ಮುಖ ತಿರುಗಿಸುತ್ತಾ, ನಿಮಿಷಕ್ಕೆ ನಾಲ್ಕು ಹನಿಗೆ ತಂದು ನಿಲ್ಲಿಸಿದೆ. ಗ್ಲ್ಯಾಂಡ್ ಮೇಲೆ ಕೈ ಇಟ್ಟರೆ ಉಗುರು ಬೆಚ್ಚಗೆ. ಹಿಂದೆಲ್ಲ ಈ ಜಾಗದಲ್ಲಿ ಕಾಲಿಟ್ಟರೆ ಹಲಗೆ ನಡುಗುತ್ತಿತ್ತು. ಈಗ ಲೋಟದಲ್ಲಿದ್ದ ಚಾ ಅಲುಗಲಿಲ್ಲ. ಶಾಫ್ಟಿಗೂ ಮೈಗೂ 30 ಮಿಲಿವೋಲ್ಟ್.

ಬೆಳ್ಳಿ ಸೆಲ್ಲನ್ನು ಬಂದರಿನಲ್ಲಿ ಇಳಿಬಿಟ್ಟಿರಲಿಲ್ಲ. ಸಪ್ಪೆ ನೀರಿನಲ್ಲಿ ಅದು ಸರಿಯಾದ ಲೆಕ್ಕ ಕೊಡುವುದಿಲ್ಲ. ಸಂಜೆ ದಡ ಕಾಣದಷ್ಟು ದೂರ ಬಂದು, ಇಂಜಿನ್ ನಿಲ್ಲಿಸಿದಾಗ ಹಿಂಬದಿಯಲ್ಲಿ ಇಳಿಬಿಟ್ಟೆ. ಕಲಾಸಿ ಹುಡುಗರೂ ಮೀಟರ್ ನೋಡಲು ಸುತ್ತ ನೆರೆದರು. ಜೂನ್ 1ರಂದು ಮೈನಸ್ 0.62 ಇತ್ತು. ಈಗ ಎಡಬದಿ ಮೈನಸ್ 0.94, ಬಲಬದಿ ಮೈನಸ್ 0.93, ಚುಕ್ಕಾಣಿ ಹತ್ತಿರ ಮೈನಸ್ 0.88. ಚುಕ್ಕಾಣಿಗೆ ಪ್ರತ್ಯೇಕ ತಂತಿ ಕೊಡಬೇಕು. ಅದನ್ನೂ ಬರೆದು, "ಯಾಕೆ" ಖಾನೆಯಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ, ತಂಡೇಲರ ಕೈಗೆ ನೋಟ್‌ಬುಕ್ ಕೊಟ್ಟೆ. ಅವರು ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಚುಕ್ಕಾಣಿ ಚಕ್ರದ ಮೇಲೆ ದೇವರ ಪಟದ ಹಿಂದೆ ಸಿಕ್ಕಿಸಿದರು.